ಖ್ವಾಜಾ ಬಂದೇನವಾಝ್(ರ) ಕಲಿತ ಉಪವಾಸ



ಕಲಬುರಗಿಯ ಖ್ವಾಜಾ ಬಂದೇನವಾಝ್(ರ)ರ ಹೆಸರು ಕೇಳದ ಮುಸ್ಲಿಮ್ ಮನೆ ಕರ್ನಾಟಕದಲ್ಲಿ ಸಿಗಲಾರದು. ಎಷ್ಟೋ ಮನೆಗಳಲ್ಲಿ ಗಂಡುಮಗುವಿಗೆ ಆ ಹೆಸರನ್ನೇ ಇಡುತ್ತಾರೆ. ಝುಲ್‌ಕಅದ ತಿಂಗಳಲ್ಲಿ ಉರೂಸ್ ಬಂತೆಂದರೆ ನಮ್ಮ ಬೆಂಗಳೂರಿನಿಂದಲೂ ಜನ ರೈಲು, ಬಸ್ಸು ಹತ್ತಿ ಹೊರಡುತ್ತಾರೆ. ಅವರಲ್ಲಿ ಹಿಂದೂ ಸಹೋದರರೂ ಇರುತ್ತಾರೆ. ಆದರೆ ಆ ಮಹಾತ್ಮರು ಯಾರ ಬಳಿ ಕಲಿತರು, ಏನನ್ನು ಬಿಟ್ಟರು, ಏನನ್ನು ಹಿಡಿದರು ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿಗೆ ಕರಾಮತ್ತಿನ ನಾಲ್ಕು ಕಥೆಗಳ ಹೊರತು ಹೇಳಲು ಏನೂ ಇರುವುದಿಲ್ಲ. ಆ ಕಥೆಗಳನ್ನು ನಾನಿಲ್ಲಿ ಬರೆಯುತ್ತಿಲ್ಲ. ಅವರ ನೂರು ವರ್ಷಗಳ ಬದುಕಿನಿಂದ ಒಂದೇ ಒಂದು ಎಳೆಯನ್ನು ಹಿಡಿದುಕೊಂಡು ನಿಮ್ಮ ಮುಂದೆ ಇಡುತ್ತೇನೆ. ಅದು ಉಪವಾಸದ ಎಳೆ.

ಹೀಗೆ ಮಾಡಲು ಕಾರಣವಿದೆ. ರಮಝಾನಿನ ಸಂಜೆ ನಮ್ಮ ಸುದ್ದಗುಂಟೆಪಾಳ್ಯದ ಬೀದಿಗಳನ್ನು ನೋಡಿದವರಿಗೆ ಅದು ಗೊತ್ತಾಗುತ್ತದೆ. ಅಸ್ರ್ ನಮಾಝ್ ಮುಗಿದದ್ದೇ ತಡ, ಸಮೋಸಾ, ಹಣ್ಣು, ಖರ್ಜೂರದ ಅಂಗಡಿಗಳ ಮುಂದೆ ನೂಕುನುಗ್ಗಲು. ಮಗ್ರಿಬ್ ಅಝಾನಿಗೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಸ್ಕೂಟರಿಗೆ ಸ್ಕೂಟರು ತಾಗುತ್ತದೆ, ಇಬ್ಬರು ಉಪವಾಸಿಗರು ಕೊರಳಪಟ್ಟಿ ಹಿಡಿದು ನಿಲ್ಲುತ್ತಾರೆ. ಇಬ್ಬರೂ ಬೆಳಗಿನಿಂದ ಒಂದು ಹನಿ ನೀರನ್ನೂ ಬಾಯಿಗೆ ಹಾಕಿದವರಲ್ಲ. ಕರ್ಮಶಾಸ್ತ್ರದ ಪ್ರಕಾರ ಇಬ್ಬರ ಉಪವಾಸವೂ ಮುರಿದಿಲ್ಲ. ಹಾಗಾದರೆ ಅಲ್ಲಿ ಮುರಿದದ್ದು ಏನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಖ್ವಾಜಾರವರ ಜೀವನವನ್ನು ಓದಿರಿ.

ಹಿಜರಿ 721ರ ರಜಬ್ ತಿಂಗಳು, ಕ್ರಿ.ಶ. 1321. ದಿಲ್ಲಿಯ ಒಂದು ಸಯ್ಯಿದ್ ಮನೆತನದಲ್ಲಿ ಅವರು ಹುಟ್ಟಿದರು. ಹೆಸರು ಸಯ್ಯಿದ್ ಮುಹಮ್ಮದ್. ತಂದೆ ಸಯ್ಯಿದ್ ಯೂಸುಫ್ ಹುಸೈನಿಯವರು ಹಝ್ರತ್ ನಿಝಾಮುದ್ದೀನ್ ಔಲಿಯಾ(ರ)ರ ಶಿಷ್ಯವರ್ಗಕ್ಕೆ ಸೇರಿದವರು. ಮಗುವಿಗೆ ಆರೇಳು ವರ್ಷವಾಗಿದ್ದಾಗ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ದಿಲ್ಲಿಯ ಪ್ರಮುಖರನ್ನೆಲ್ಲ ದೌಲತಾಬಾದಿಗೆ ಹೊರಡಿಸಿದ. ಆ ದೊಡ್ಡ ಗುಳೆಯಲ್ಲಿ ಈ ಕುಟುಂಬವೂ ದಕ್ಷಿಣಕ್ಕೆ ಬಂತು. ಅಲ್ಲಿಯೇ ಹಿಜರಿ 731ರಲ್ಲಿ ತಂದೆ ತೀರಿಕೊಂಡರು. ಅವರ ಸಮಾಧಿ ದೌಲತಾಬಾದಿಗೆ ಹತ್ತಿರದ ಖುಲ್ದಾಬಾದಿನಲ್ಲಿದೆ. ಕೆಲವು ವರ್ಷಗಳ ನಂತರ ತಾಯಿ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ದಿಲ್ಲಿಗೆ ಹಿಂದಿರುಗಿದರು. ಕಿರಿಯವನಿಗೆ ಆಗ ಹದಿನೈದರ ಆಸುಪಾಸು. ತಂದೆಯಿಲ್ಲದ ಹುಡುಗ, ಅರ್ಧ ಬರಿದಾಗಿದ್ದ ರಾಜಧಾನಿ. ಜುಮಾ ನಮಾಝಿಗೆ ಹೋದಾಗ ಮಸೀದಿಯಲ್ಲಿ ಆತ ಒಬ್ಬ ವ್ಯಕ್ತಿಯನ್ನು ಕಂಡ. ಅವರೇ ಹಝ್ರತ್ ನಸೀರುದ್ದೀನ್ ಮಹ್ಮೂದ್(ರ). ಜನ ಅವರನ್ನು ದಿಲ್ಲಿಯ ದೀಪ, ಚಿರಾಗೆ ದೆಹ್ಲಿ ಎಂದು ಕರೆಯುತ್ತಿದ್ದರು. 1336ರಲ್ಲಿ ಅಣ್ಣ ತಮ್ಮ ಇಬ್ಬರೂ ಅವರ ಕೈಯಲ್ಲಿ ಬೈಅತ್ ಮಾಡಿದರು.

ಇಲ್ಲಿ ಸ್ವಲ್ಪ ನಿಂತು ಆ ಗುರುವನ್ನು ನೋಡಬೇಕು. ಯಾಕೆಂದರೆ ಆ ಹುಡುಗ ಉಪವಾಸವನ್ನು ಕಲಿತದ್ದು ಪುಸ್ತಕದಿಂದಲ್ಲ, ಅವರನ್ನು ನೋಡಿ. ಅವರಾದರೋ ತಮ್ಮ ಗುರುವನ್ನು ನೋಡಿ ಕಲಿತವರು.

ಈ ಸರಪಳಿಯಲ್ಲಿ ಹಿಂದಿನವರು ಬಾಬಾ ಫರೀದುದ್ದೀನ್ ಗಂಜ್‌ಶಕರ್(ರ). ಪಂಜಾಬಿನ ಅಜೋಧನದಲ್ಲಿ ಅವರ ಖಾನ್‌ಖಾಹ್ ಇತ್ತು. ಬಡತನವೆಂದರೆ ಎಂಥದ್ದು? ಕಾಡಿನಲ್ಲಿ ಸಿಗುವ ಕಾಯಿಗಳನ್ನು ಬೇಯಿಸಿ ಇಫ್ತಾರ್ ಮಾಡುತ್ತಿದ್ದರು. ಅನೇಕ ದಿನ ಅದಕ್ಕೆ ಉಪ್ಪೂ ಇರುತ್ತಿರಲಿಲ್ಲ. ಯುವಕ ನಿಝಾಮುದ್ದೀನರಿಗೆ ಬೇಯಿಸುವ ಸರದಿ. ಒಂದು ದಿನ ಅವರು ಗುರುವಿನ ಬಾಯಿಗೆ ರುಚಿಯಾಗಲಿ ಎಂದು ಅಂಗಡಿಯಿಂದ ಸ್ವಲ್ಪ ಉಪ್ಪನ್ನು ಸಾಲ ತಂದು ಹಾಕಿದರು. ಬಾಬಾರವರು ತುತ್ತಿಗೆ ಕೈ ಹಾಕಿದವರೇ ಕೈ ಹಿಂದಕ್ಕೆ ತೆಗೆದರು. ಉಪ್ಪು ಎಲ್ಲಿಂದ ಬಂತೆಂದು ವಿಚಾರಿಸಿದರು. ಸಾಲವೆಂದು ತಿಳಿದಾಗ ಆ ಊಟವನ್ನು ಮುಟ್ಟಲಿಲ್ಲ. ನಾಲಗೆಯ ಸುಖಕ್ಕಾಗಿ ಸಾಲ ಮಾಡುವುದಕ್ಕಿಂತ ಹಸಿವಿನಿಂದ ಸಾಯುವುದು ದರ್ವೇಶನಿಗೆ ಲೇಸೆಂಬುದು ಅವರ ನಿಲುವಾಗಿತ್ತು. ಇನ್ನೊಬ್ಬರ ಹಣ ಕೈಯಲ್ಲಿದ್ದು, ತೀರಿಸುವ ಮೊದಲೇ ಮರಣ ಬಂದರೆ?

ಓದುಗರೇ, ಇದನ್ನು ಓದುವಾಗ ನಮ್ಮ ರಮಝಾನಿನ ಖರ್ಚಿನ ಪಟ್ಟಿ ನೆನಪಾಗುವುದಿಲ್ಲವೇ? ಇಫ್ತಾರ್ ಕೂಟಕ್ಕೆ, ಈದಿನ ಬಟ್ಟೆಗೆ ಬಡ್ಡಿಯವನ ಬಾಗಿಲು ತಟ್ಟುವವರು ನಮ್ಮಲ್ಲಿದ್ದಾರೆ. ಬಡ್ಡಿ ಹರಾಮ್ ಎಂದು ತಿಳಿದವರೂ ಇದ್ದಾರೆ. ಹಗಲಿಡೀ ಹಲಾಲಾದ ನೀರನ್ನು ಬಿಟ್ಟವನು ಸಂಜೆ ಹರಾಮಾದ ಹಣದಿಂದ ಶರಬತ್ತು ಕುಡಿದರೆ ಆ ಲೆಕ್ಕ ಎಲ್ಲಿ ಕೂಡುತ್ತದೆ ಎಂಬುದನ್ನು ಮನೆಯ ಯಜಮಾನರೇ ಯೋಚಿಸಬೇಕು.

ಉಪ್ಪು ತಂದ ಅದೇ ನಿಝಾಮುದ್ದೀನರು ಮುಂದೆ ದಿಲ್ಲಿಯಲ್ಲಿ ಜನಸಾಗರವನ್ನೇ ಸೆಳೆದರು. ಅವರ ಅಡುಗೆಮನೆಯಲ್ಲಿ ದಿನವೂ ಸಾವಿರಾರು ಮಂದಿಗೆ ಊಟ. ಸ್ವತಃ ಅವರೋ, ವರ್ಷದ ಬಹುತೇಕ ದಿನಗಳಲ್ಲಿ ಉಪವಾಸ. ಸಹ್‌ರಿಯ ಹೊತ್ತಿಗೆ ಸೇವಕ ಊಟ ತಂದಿಟ್ಟರೆ ಎರಡು ತುತ್ತು ಒಳಗೆ ಇಳಿಯುತ್ತಿರಲಿಲ್ಲ. ಮಸೀದಿಯ ಜಗಲಿಗಳಲ್ಲಿ, ಅಂಗಡಿಗಳ ಮುಂದೆ ಎಷ್ಟೋ ಬಡವರು ಹಸಿದು ಮಲಗಿದ್ದಾರೆ, ಈ ಅನ್ನ ನನ್ನ ಗಂಟಲಲ್ಲಿ ಹೇಗೆ ಇಳಿದೀತು ಎಂದು ಕಣ್ಣೀರು ಹಾಕುತ್ತಿದ್ದರಂತೆ. ನಮ್ಮ ಉಪವಾಸ ನಮ್ಮ ಹಸಿವನ್ನು ಮಾತ್ರ ನಮಗೆ ತೋರಿಸುತ್ತದೆ. ಅವರ ಉಪವಾಸ ಅವರಿಗೆ ಊರಿನ ಹಸಿವನ್ನು ತೋರಿಸಿತು. ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಇನ್ನು ನಸೀರುದ್ದೀನ್(ರ). ಅವರು ಅವಧ್ ಪ್ರಾಂತ್ಯದವರು. ಯೌವನದಲ್ಲಿ ಜನರಿಂದ ದೂರ ಸರಿದು ತೋಪುಗಳಲ್ಲಿ, ಗೋರಿಗಳ ನಡುವೆ ಆರಾಧನೆಯಲ್ಲಿ ಮುಳುಗಿರುತ್ತಿದ್ದರು. ಸತತ ಉಪವಾಸ. ಇಫ್ತಾರಿಗೆ ಸಂಭಾಲು ಎಲೆ. ನಮ್ಮ ಕಡೆ ಅದನ್ನೇ ಲಕ್ಕಿಸೊಪ್ಪು ಎನ್ನುತ್ತೇವೆ. ನೆಗಡಿ, ಮೈಕೈ ನೋವಿಗೆ ಬಿಸಿನೀರಿಗೆ ಹಾಕುವ ಆ ಕಹಿ ಸೊಪ್ಪು. ಅಂಥ ಮನುಷ್ಯ ನಿಝಾಮುದ್ದೀನ್(ರ)ರ ಬಳಿ ಬಂದ ಮೇಲೆ ಒಂದು ಬಿನ್ನಹವನ್ನು ಕವಿ ಅಮೀರ್ ಖುಸ್ರೋರವರ ಮೂಲಕ ಕಳಿಸಿದರು: ಊರಿನಲ್ಲಿ ಜನ ಮುತ್ತಿಕೊಳ್ಳುತ್ತಾರೆ, ಆರಾಧನೆಗೆ ಅಡ್ಡಿಯಾಗುತ್ತದೆ, ಕಾಡಿಗೋ ಬೆಟ್ಟಕ್ಕೋ ಹೋಗಲು ಅಪ್ಪಣೆ ಬೇಕು. ಗುರು ಒಪ್ಪಲಿಲ್ಲ. ಜನರ ನಡುವೆಯೇ ಇರಬೇಕು, ಅವರು ಕೊಡುವ ಪೆಟ್ಟು ಮತ್ತು ಕಿರುಕುಳವನ್ನು ಸಹಿಸಬೇಕು, ಅದಕ್ಕೆ ಪ್ರತಿಯಾಗಿ ಔದಾರ್ಯವನ್ನೇ ತೋರಬೇಕು ಎಂದು ಅಪ್ಪಣೆಯಾಯಿತು.

ನೋಡಿದಿರಾ? ಎಲೆ ತಿಂದು ಬದುಕುವುದು ಆ ಶಿಷ್ಯನಿಗೆ ಕಷ್ಟವಾಗಿರಲಿಲ್ಲ. ಹಸಿವನ್ನು ಆತ ಗೆದ್ದಾಗಿತ್ತು. ಗೆಲ್ಲಬೇಕಾಗಿದ್ದದ್ದು ತನ್ನ ಇಷ್ಟವನ್ನು. ಕಾಡಿನಲ್ಲಿ ಹಸಿದಿರುವುದು ಅವರ ಇಷ್ಟವಾಗಿತ್ತು. ಊರಿನಲ್ಲಿ ಹಸಿದಿರುವುದು ಗುರುವಿನ ಆಜ್ಞೆಯಾಯಿತು. ಉಪವಾಸದ ಒಳಗುಟ್ಟು ಎಂಬುದೇನಾದರೂ ಇದ್ದರೆ ಅದು ಇಲ್ಲೆಲ್ಲೋ ಇದೆ ಎಂದು ನನಗೆ ತೋರುತ್ತದೆ.

ಪವಿತ್ರ ಕುರ್‌ಆನಿನ ಎರಡನೆಯ ಅಧ್ಯಾಯದ 183ನೆಯ ಸೂಕ್ತಿಯು ಉಪವಾಸವನ್ನು ಕಡ್ಡಾಯಗೊಳಿಸುತ್ತಾ ಅದರ ಗುರಿಯನ್ನೂ ಅಲ್ಲಿಯೇ ತಿಳಿಸುತ್ತದೆ: ತಕ್ವಾ. ದೇವಭಯ, ದೇವಪ್ರಜ್ಞೆ ಎಂದೆಲ್ಲ ಕನ್ನಡದಲ್ಲಿ ಬರೆಯುತ್ತೇವೆ. ಕಾಪಾಡಿಕೊಳ್ಳುವುದು, ಎಚ್ಚರದಿಂದ ಇರುವುದು ಎಂಬುದು ಅದರ ಮೂಲಾರ್ಥ. ಸೌಮ್ ಎಂಬ ಅರಬಿ ಪದದ ಅರ್ಥ ತಡೆದು ನಿಲ್ಲುವುದು. ನಮ್ಮ ಉಪವಾಸ ಎಂಬ ಪದವನ್ನು ಬಿಡಿಸಿದರೆ ಬರುವ ಅರ್ಥ ಬಳಿಯಲ್ಲಿ ವಾಸಿಸುವುದು. ನಾನು ಕನ್ನಡ ಬಿ.ಎ. ತರಗತಿಯಲ್ಲಿ ಈ ಅರ್ಥವನ್ನು ಮೊದಲು ಕೇಳಿದಾಗ ಮದರಸದಲ್ಲಿ ಕಲಿತ ಪಾಠದ ಉಳಿದರ್ಧ ಸಿಕ್ಕಿದಂತಾಗಿತ್ತು. ಒಂದು ಪದ ಯಾವುದರಿಂದ ಹಿಂದೆ ಸರಿಯಬೇಕೆಂದು ಹೇಳಿದರೆ ಇನ್ನೊಂದು ಯಾರ ಹತ್ತಿರಕ್ಕೆ ಹೋಗಬೇಕೆಂದು ಹೇಳುತ್ತದೆ. ಹಿಂದೆ ಸರಿದವನು ಹತ್ತಿರಕ್ಕೆ ಹೋಗದಿದ್ದರೆ ನಡುದಾರಿಯಲ್ಲಿ ನಿಂತಂತಾಯಿತು. ಸುಳ್ಳನ್ನೂ ಕೆಟ್ಟ ನಡತೆಯನ್ನೂ ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಾಗಿಲ್ಲವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಇದಕ್ಕಾಗಿಯೇ. ಯಾರಾದರೂ ಬೈದರೆ, ಜಗಳಕ್ಕೆ ಬಂದರೆ, ತಾನು ಉಪವಾಸಿಗನೆಂದು ಹೇಳಿ ಸುಮ್ಮನಾಗಬೇಕೆಂದೂ ಅವರು ಕಲಿಸಿದ್ದಾರೆ.

ಇಂಥ ಗುರುವಿನ ಬಳಿಗೆ ಹದಿನೈದರ ಹುಡುಗ ಸಯ್ಯಿದ್ ಮುಹಮ್ಮದ್ ಬಂದ. ಖ್ವಾಜಾರವರು ತೀರಿಹೋದ ಕೆಲವೇ ವರ್ಷಗಳಲ್ಲಿ ಶಿಷ್ಯರೊಬ್ಬರು ಬರೆದ ಅವರ ಜೀವನಚರಿತ್ರೆ ಸಿಯರೆ ಮುಹಮ್ಮದಿಯಲ್ಲಿ ಈ ಕಲಿಕೆಯ ವಿವರ ಬರುತ್ತದೆ. ಗುರು ಮೊದಲೇ ದೊಡ್ಡ ಹೊರೆ ಹೊರಿಸಲಿಲ್ಲ. ಮೊದಲು ಫಜ್ರ್ ನಮಾಝಿನ ವುಝೂವನ್ನು ಸೂರ್ಯೋದಯದವರೆಗೆ ಉಳಿಸಿಕೊಂಡು ಇಶ್ರಾಕ್ ನಮಾಝ್ ಮಾಡುವ ಅಭ್ಯಾಸ. ಅದು ನಿಂತಿತೆಂದು ಕಂಡ ಮೇಲೆ ಚಾಷ್ತ್ ನಮಾಝ್. ಆಮೇಲೆ ರಜಬ್ ಮತ್ತು ಶಅಬಾನಿನ ಐಚ್ಛಿಕ ಉಪವಾಸಗಳು. ಹುಡುಗ ಒಂದು ಮೆಟ್ಟಿಲು ಹತ್ತಿ ನಿಂತ ಮೇಲೆಯೇ ಇನ್ನೊಂದು ಮೆಟ್ಟಿಲು.

ಮಗುವಿಗೆ ಎಷ್ಟನೇ ವಯಸ್ಸಿನಿಂದ ಉಪವಾಸ ಮಾಡಿಸಬೇಕೆಂದು ತಾಯಂದಿರು ನಮ್ಮಂಥ ಅಧ್ಯಾಪಕರನ್ನು ಕೇಳುತ್ತಿರುತ್ತಾರೆ. ಕಡ್ಡಾಯವಾಗುವುದು ಪ್ರಾಯಕ್ಕೆ ಬಂದ ಮೇಲೆ. ಅದಕ್ಕೆ ಮೊದಲು ಅಭ್ಯಾಸ ಮಾತ್ರ. ಆರು ವರ್ಷದ ಮಗುವಿನ ಮೊದಲ ರೋಝಾಕ್ಕೆ ಹೂಮಾಲೆ ಹಾಕಿ, ಫೋಟೋ ತೆಗೆಸಿ, ನೆಂಟರಿಗೆಲ್ಲ ಬಿರಿಯಾನಿ ಹಾಕಿಸುವ ಪದ್ಧತಿ ನಮ್ಮಲ್ಲಿದೆ. ಸಂತೋಷಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಯಾರೂ ನೋಡದಿದ್ದರೂ ಅಡುಗೆಮನೆಯ ಹೂಜಿಯ ನೀರನ್ನು ಮುಟ್ಟದಿರುವುದೇ ಆ ಮಗು ಕಲಿಯಬೇಕಾದ ಪಾಠ. ಎಲ್ಲರೂ ನೋಡಲಿ ಎಂದು ಮೊದಲ ದಿನವೇ ಕಲಿಸಿದರೆ ಪಾಠ ತಲೆಕೆಳಗಾಗುತ್ತದೆ. ನಮಾಝ್ ಕಣ್ಣಿಗೆ ಕಾಣುತ್ತದೆ, ಝಕಾತ್ ಪಡೆದವನಿಗೆ ತಿಳಿಯುತ್ತದೆ, ಹಜ್ಜಿಗೆ ಹೋದವನನ್ನು ಊರೇ ಬೀಳ್ಕೊಡುತ್ತದೆ. ಉಪವಾಸವೊಂದು ದಾಸ ಮತ್ತು ಒಡೆಯನ ನಡುವೆ ಮಾತ್ರ ಉಳಿಯುವ ಆರಾಧನೆ. ಅದು ತನಗಾಗಿಯೇ ಇರುವುದೆಂದೂ ಅದರ ಪ್ರತಿಫಲವನ್ನು ತಾನೇ ಕೊಡುವೆನೆಂದೂ ಅಲ್ಲಾಹನು ತಿಳಿಸಿರುವುದಾಗಿ ಹದೀಸಿನಲ್ಲಿ ಬಂದಿದೆ.

ಹುಡುಗ ಬೆಳೆದ. ಆರಾಧನೆಯ ಸವಿ ಹತ್ತಿತು. ಎಷ್ಟು ಹತ್ತಿತೆಂದರೆ ಓದು ಬೇಸರವಾಗತೊಡಗಿತು. ಅರಬಿ ವ್ಯಾಕರಣ, ತರ್ಕ, ಕರ್ಮಶಾಸ್ತ್ರದ ಮೂಲತತ್ವ, ಇವೆಲ್ಲ ಯಾಕೆ? ಕಲಿತಷ್ಟು ಸಾಕು, ಇನ್ನು ಧ್ಯಾನದಲ್ಲೇ ಇರುತ್ತೇನೆಂದು ಗುರುವಿನಲ್ಲಿ ಅಪ್ಪಣೆ ಕೇಳಿದರು. ಗುರು ತಾವು ಯೌವನದಲ್ಲಿ ಕೇಳಿದ್ದ ಬಿನ್ನಹವನ್ನೇ ಈಗ ಶಿಷ್ಯನ ಬಾಯಲ್ಲಿ ಕೇಳಬೇಕಾಯಿತು. ತಮಗೆ ಸಿಕ್ಕಿದ್ದ ಉತ್ತರದಂಥದ್ದನ್ನೇ ಅವರು ಕೊಟ್ಟರು. ಓದನ್ನು ಬಿಡಕೂಡದು, ಇಂತಿಂಥ ಗ್ರಂಥಗಳನ್ನು ಮುಗಿಸಬೇಕು, ನಿನ್ನಿಂದ ಆಗಬೇಕಾದ ಕೆಲಸವಿದೆ ಎಂದರು. ಶಿಷ್ಯ ಮತ್ತೆ ಪುಸ್ತಕ ಹಿಡಿದರು. ಖಾಝಿ ಅಬ್ದುಲ್ ಮುಕ್ತದಿರ್ ಅವರಂಥ ವಿದ್ವಾಂಸರ ಬಳಿ ವರ್ಷಗಟ್ಟಲೆ ಕುಳಿತು ಓದು ಪೂರೈಸಿದರು.

ಇದನ್ನು ನಮ್ಮ ಯುವಕರು ಗಮನಿಸಬೇಕು. ರಮಝಾನ್ ಬಂತೆಂದರೆ ಶಾಲೆಗೆ ಚಕ್ಕರ್, ಕೆಲಸದಲ್ಲಿ ಉದಾಸೀನ, ಮಧ್ಯಾಹ್ನವೆಲ್ಲ ನಿದ್ದೆ. ಯಾಕೆಂದರೆ ರೋಝಾ ಇದೆಯಲ್ಲ! ಮಹಾನ್ ತಪಸ್ವಿಯೊಬ್ಬರಿಗೇ ಅವರ ಗುರು ಹಸಿವಿನ ನೆಪದಲ್ಲಿ ಪುಸ್ತಕ ಮುಚ್ಚಲು ಬಿಡಲಿಲ್ಲ.

ಗೇಸೂದರಾಝ್, ಅಂದರೆ ನೀಳಗೂದಲಿನವರು ಎಂಬ ಬಿರುದು ಬಂದದ್ದು ಈ ಅವಧಿಯಲ್ಲೇ. ಗುರುವಿನ ಪಲ್ಲಕ್ಕಿಗೆ ಹೆಗಲು ಕೊಡುವಾಗ ಅವರ ಉದ್ದ ಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ತೊಂದರೆಯಾದೀತೆಂದು ನೋವನ್ನು ನುಂಗಿಕೊಂಡು ಅಷ್ಟು ದೂರವೂ ನಡೆದರಂತೆ. ಈ ಪ್ರಸಂಗ ಎಲ್ಲರಿಗೂ ಗೊತ್ತು. ಹೆಚ್ಚು ಬೆಳೆಸುವುದಿಲ್ಲ.

ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಘಟನೆ. ಗುರು ತೀರಿಹೋಗುವುದಕ್ಕೆ ಸುಮಾರು ಮೂರು ವರ್ಷ ಮುಂಚೆ ನಡೆದದ್ದು. ನಸೀರುದ್ದೀನ್(ರ) ತಮ್ಮ ಕೋಣೆಯಲ್ಲಿ ಒಬ್ಬರೇ ಧ್ಯಾನದಲ್ಲಿದ್ದರು. ತುರಾಬ್ ಎಂಬ ಕಲಂದರ್ ಒಳನುಗ್ಗಿ ಚಾಕುವಿನಿಂದ ಮೇಲಿಂದ ಮೇಲೆ ಇರಿದ. ಅವರು ಕೂಗಲಿಲ್ಲ. ಕೋಣೆಯ ಬಚ್ಚಲಿನಿಂದ ರಕ್ತ ಹೊರಗೆ ಹರಿದಾಗಲೇ ಶಿಷ್ಯರಿಗೆ ತಿಳಿದದ್ದು. ಓಡಿಬಂದವರು ಆ ಮನುಷ್ಯನನ್ನು ಅಲ್ಲೇ ಮುಗಿಸಿಬಿಡುತ್ತಿದ್ದರೋ ಏನೋ. ಗುರು ತಡೆದರು. ಅವನ ಕೂದಲೂ ಕೊಂಕಬಾರದೆಂದು ಶಿಷ್ಯರಿಂದ ಮಾತು ತೆಗೆದುಕೊಂಡರು. ಇರಿಯುವಾಗ ಅವನ ಕೈಗೇನಾದರೂ ನೋವಾಯಿತೋ ಎಂದು ವಿಚಾರಿಸಿ, ಕೈಗೆ ಒಂದಿಷ್ಟು ಹಣ ಕೊಟ್ಟು, ಜನ ಸೇರುವ ಮೊದಲು ಊರು ಬಿಡುವಂತೆ ಹೇಳಿ ಕಳಿಸಿದರು.

ಆ ಹೊತ್ತಿಗೆ ನಮ್ಮ ಖ್ವಾಜಾರವರು ಅವರ ಶಿಷ್ಯರಾಗಿ ಹದಿನೇಳು ವರ್ಷಗಳಾಗಿದ್ದವು. ಲಕ್ಕಿಸೊಪ್ಪು ತಿಂದು ಇಫ್ತಾರ್ ಮಾಡಿದ ವರ್ಷಗಳೆಲ್ಲ ಎಲ್ಲಿ ಹೋದವೆಂದು ಕೇಳಿದರೆ ಈ ಒಂದು ಗಳಿಗೆಯನ್ನು ತೋರಿಸಬಹುದು. ಜನರ ಪೆಟ್ಟನ್ನು ಸಹಿಸಿ ಔದಾರ್ಯ ತೋರಬೇಕೆಂದು ನಿಝಾಮುದ್ದೀನ್(ರ) ಕೊಟ್ಟಿದ್ದ ಆಜ್ಞೆ ಅಕ್ಷರಶಃ ನೆರವೇರಿತು. ನಮ್ಮ ಬೀದಿಯ ಸ್ಕೂಟರ್ ಜಗಳವನ್ನು ಈ ಘಟನೆಯ ಪಕ್ಕದಲ್ಲಿಟ್ಟು ನೋಡಿ. ಇಬ್ಬರಿಗೂ ಹಸಿವು ಒಂದೇ. ಒಬ್ಬನ ಹಸಿವು ಅವನ ಕೋಪಕ್ಕೆ ಸೌದೆಯಾಯಿತು. ಇನ್ನೊಬ್ಬರ ಹಸಿವು ಎಷ್ಟೋ ವರ್ಷ ಮೊದಲೇ ಕೋಪವನ್ನು ಸುಟ್ಟು ಬೂದಿ ಮಾಡಿತ್ತು. ನಾವು ಅಂಥವರಾಗುವುದು ದೂರದ ಮಾತು ಎನ್ನುವಿರಿ. ಒಪ್ಪುತ್ತೇನೆ. ಇಮಾಮ್ ಗಝಾಲಿ(ರ) ಉಪವಾಸಕ್ಕೆ ಮೂರು ದರ್ಜೆಗಳನ್ನು ಗುರುತಿಸಿದ್ದಾರೆ: ಸಾಮಾನ್ಯರದ್ದು ಹೊಟ್ಟೆ ಮತ್ತು ಕಾಮದ ಉಪವಾಸ, ವಿಶೇಷರದ್ದು ಕಣ್ಣು, ಕಿವಿ, ನಾಲಗೆ, ಕೈಕಾಲುಗಳ ಉಪವಾಸ, ಅತಿ ವಿಶೇಷರದ್ದು ಅಲ್ಲಾಹನ ಹೊರತಾದ ಯೋಚನೆಯಿಂದಲೇ ಮನಸ್ಸಿನ ಉಪವಾಸ. ಮೂರನೆಯದು ನಮ್ಮ ಕೈಗೆ ಎಟುಕದಿರಬಹುದು. ಎರಡನೆಯದಕ್ಕೆ ನೆಪ ಹೇಳಲು ಆಗುವುದಿಲ್ಲ. ನಾಲಗೆ ನಮ್ಮ ಬಾಯಿಯೊಳಗೇ ಇದೆಯಲ್ಲ.

1356ರಲ್ಲಿ ಖ್ವಾಜಾರವರಿಗೆ ಗಂಭೀರ ಕಾಯಿಲೆಯಾಯಿತು. ಗುರು ಆತಂಕಗೊಂಡು ಚಿಕಿತ್ಸೆಗೆ ಏರ್ಪಾಡು ಮಾಡಿದರು. ಗುಣಮುಖರಾಗಿ ಎದುರಿಗೆ ಬಂದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇದನ್ನು ಸುಮ್ಮನೆ ಬರೆಯುತ್ತಿಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವ ಹಿರಿಯರು ವೈದ್ಯರ ಮಾತು ಮೀರಿ ಹಟಕ್ಕೆ ಬಿದ್ದು ರೋಝಾ ಹಿಡಿಯುವುದನ್ನು, ಆಸ್ಪತ್ರೆ ಸೇರುವುದನ್ನು ಪ್ರತಿ ವರ್ಷ ನೋಡುತ್ತೇವೆ. ಕಾಯಿಲೆಯವರಿಗೂ ಪ್ರಯಾಣಿಕರಿಗೂ ಬೇರೆ ದಿನಗಳಲ್ಲಿ ತೀರಿಸುವ ವಿನಾಯಿತಿಯನ್ನು ಕುರ್‌ಆನ್ ಅದೇ ಅಧ್ಯಾಯದಲ್ಲಿ ಕೊಟ್ಟಿದೆ. ಗುಣವಾಗುವ ಆಸೆಯಿಲ್ಲದವರು ದಿನಕ್ಕೊಬ್ಬ ಬಡವನಿಗೆ ಉಣಿಸುವ ದಾರಿ ಇದೆ. ಕೊಟ್ಟ ರಿಯಾಯಿತಿಯನ್ನು ವಿನಯದಿಂದ ಸ್ವೀಕರಿಸುವುದೂ ದಾಸ್ಯವೇ. ತಾನು ಎಷ್ಟು ಗಟ್ಟಿಯೆಂದು ತೋರಿಸಲು ಹೊರಟವನು ಯಾರ ಆಜ್ಞೆಯನ್ನು ಪಾಲಿಸುತ್ತಿದ್ದಾನೆ?

ಅದೇ ವರ್ಷ, ಹಿಜರಿ 757ರ ರಮಝಾನ್ 18ರಂದು ಗುರು ನಸೀರುದ್ದೀನ್(ರ) ಇಹಲೋಕ ತ್ಯಜಿಸಿದರು. ತಮ್ಮ ಗುರುವಿನಿಂದ ಬಂದಿದ್ದ ಖಿರ್ಖಾ, ಊರುಗೋಲು, ತಸ್ಬೀಹ್, ಮರದ ಬಟ್ಟಲು, ಪಾದರಕ್ಷೆ, ಇವೆಲ್ಲವನ್ನೂ ತಮ್ಮ ಜೊತೆ ಮಣ್ಣಿಗೆ ಹಾಕಬೇಕೆಂದು ಅವರು ಹೇಳಿದ್ದರು. ಹಾಗೆಯೇ ಮಾಡಲಾಯಿತು. ಇಪ್ಪತ್ತು ವರ್ಷ ಸೇವೆ ಮಾಡಿದ ಶಿಷ್ಯನಿಗೆ ಒಂದು ಬಟ್ಟಲೂ ಉಳಿಯಲಿಲ್ಲ. ಖ್ವಾಜಾರವರು ಗುರುವಿನ ದೇಹವನ್ನು ತೊಳೆದರು. ಆ ಸ್ನಾನಕ್ಕೆ ಬಳಸಿದ್ದ ಮಂಚದ ಹಗ್ಗಗಳನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡರು. ತಮಗೆ ಇದೇ ಖಿರ್ಖಾ, ಇದೇ ಸಾಕು ಎಂದುಕೊಂಡರು. ಆಸ್ತಿಗಾಗಿ, ಸಜ್ಜಾದಗಿರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಕಾಲದಲ್ಲಿ ಆ ಒದ್ದೆ ಹಗ್ಗವನ್ನು ನೆನಪಿಸಿಕೊಂಡರೆ ತಪ್ಪಿಲ್ಲ.

ಮುಂದಿನ ನಲವತ್ತೆರಡು ವರ್ಷ ಅವರು ದಿಲ್ಲಿಯಲ್ಲೇ ಕುಳಿತು ಜನರಿಗೆ ಕಲಿಸಿದರು. ನಲವತ್ತನೆಯ ವಯಸ್ಸಿನ ಸುಮಾರಿಗೆ ತಾಯಿಯ ಒತ್ತಾಯಕ್ಕೆ ಮದುವೆಯಾದರು. ಮಕ್ಕಳಾದರು. ಸಂಸಾರವನ್ನು ಅವರು ಆರಾಧನೆಗೆ ಅಡ್ಡಿಯೆಂದು ಬಿಡಲಿಲ್ಲ. ದೇಹಕ್ಕೂ, ಕಣ್ಣಿಗೂ, ಪತ್ನಿಗೂ, ಅತಿಥಿಗೂ ನಿನ್ನ ಮೇಲೆ ಹಕ್ಕಿದೆಯೆಂದು ಪ್ರತಿದಿನ ಉಪವಾಸವಿರುತ್ತಿದ್ದ ಸಹಾಬಿಯೊಬ್ಬರಿಗೆ ಪ್ರವಾದಿವರ್ಯರು(ಸ) ತಿಳಿಹೇಳಿದ ಹದೀಸು ನಮಗೆ ಗೊತ್ತಿದೆ.

1398ರ ಡಿಸೆಂಬರಿನಲ್ಲಿ ತೈಮೂರನ ಸೈನ್ಯ ದಿಲ್ಲಿಗೆ ಬಂತು. ಎಪ್ಪತ್ತೇಳು ವರ್ಷದ ವೃದ್ಧರು ಕುಟುಂಬ ಮತ್ತು ಶಿಷ್ಯರೊಡನೆ ನಗರ ಬಿಟ್ಟು ಹೊರಟರು. ಗ್ವಾಲಿಯರ್, ಚಂದೇರಿ, ಗುಜರಾತಿನ ಖಂಭಾತ್. ಅಲ್ಲಿಂದ ದೌಲತಾಬಾದ್, ಖುಲ್ದಾಬಾದಿನಲ್ಲಿ ತಂದೆಯ ಸಮಾಧಿ. ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆಯನ್ನು ಮಣ್ಣು ಮಾಡಿದ ಜಾಗಕ್ಕೆ ಎಂಬತ್ತರ ಹೊಸ್ತಿಲಲ್ಲಿ ಬಂದು ನಿಂತರು. ದಾರಿಯುದ್ದಕ್ಕೂ ಬೋಧನೆ ನಿಲ್ಲಲಿಲ್ಲ. ಹಿರಿಯ ಮಗ ಸಯ್ಯಿದ್ ಅಕ್ಬರ್ ಹುಸೈನಿಯವರು ಆ ದಿನಗಳ ಮಾತುಗಳನ್ನು ಬರೆದಿಟ್ಟದ್ದೇ ಜವಾಮಿಉಲ್ ಕಲಿಮ್ ಎಂಬ ಗ್ರಂಥವಾಯಿತು. ಬಹಮನಿ ಸುಲ್ತಾನ ಫಿರೋಝ್ ಷಾಹನ ಆಹ್ವಾನದ ಮೇಲೆ ಸುಮಾರು 1400ರ ಹೊತ್ತಿಗೆ ಅವರು ಕಲಬುರಗಿ ತಲುಪಿದರು.

ಕಲಬುರಗಿ ಸೀಮೆ ಕನ್ನಡದ ನೆಲ. ಬಸವಣ್ಣನವರ ಕಲ್ಯಾಣ ಅಲ್ಲಿಗೆ ದೂರವಿಲ್ಲ. ದಾಸೋಹ ಎಂಬ ಮಾತನ್ನು ಆ ಜನಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ತಾನು ಹಸಿದು ಇನ್ನೊಬ್ಬರಿಗೆ ಉಣಬಡಿಸುವ ಚಿಶ್ತಿ ಪರಂಪರೆ ಅಲ್ಲಿ ಬೇರುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆ ವಯಸ್ಸಿನಲ್ಲೂ ಖ್ವಾಜಾರವರು ಬರೆಯುವುದನ್ನು, ಪಾಠ ಹೇಳುವುದನ್ನು ಬಿಡಲಿಲ್ಲ. ಕುರ್‌ಆನ್ ವ್ಯಾಖ್ಯಾನ, ಹಳೆಯ ಸೂಫಿ ಗ್ರಂಥಗಳ ಟೀಕೆ, ಶಿಷ್ಯರ ನಡೆನುಡಿಗಾಗಿ ಬರೆದ ಖಾತಿಮಾ, ಹೀಗೆ ಪಟ್ಟಿ ದೊಡ್ಡದು. ಖಾತಿಮಾದಲ್ಲಿ ನಮಾಝ್, ಉಪವಾಸಗಳ ಜೊತೆಗೆ ಊಟ, ಸಹವಾಸಗಳ ಶಿಸ್ತೂ ಬರುತ್ತದೆ. ದಖ್ಖನಿ ಭಾಷೆಯ ಮಿಅರಾಜುಲ್ ಆಶಿಕೀನ್ ಅವರದೇ ಎಂದು ಬಹುಕಾಲ ನಂಬಲಾಗಿತ್ತು. ಈಗಿನ ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಅದೇನೇ ಇರಲಿ, ಸೂಫಿಗಳ ಹೆಸರಿನಲ್ಲಿ ಬಂದ ದಖ್ಖನಿ ಬೀಸುಕಲ್ಲಿನ ಪದಗಳನ್ನು ಈ ಸೀಮೆಯ ಹೆಂಗಸರು ಹಿಟ್ಟು ಬೀಸುತ್ತ ಹಾಡಿದರು. ರಮಝಾನಿನಲ್ಲಿ ತಾನೂ ಹಸಿದು ಮನೆಯವರೆಲ್ಲರ ಇಫ್ತಾರಿಗೆ ಒಲೆಯ ಮುಂದೆ ಬೇಯುವ ತಾಯಂದಿರ ಆರಾಧನೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಡುತ್ತ, ಅಲ್ಲಾಹನನ್ನು ನೆನೆಯುತ್ತ ಕಲ್ಲು ತಿರುಗಿಸಿದ ಆ ಹೆಂಗಸರಿಗೆ ಇದು ತಿಳಿದಿತ್ತು. ಗಂಡಸರು ತಟ್ಟೆಯ ಮುಂದೆ ಕುಳಿತು ಉಪ್ಪು ಕಡಿಮೆಯಾಯಿತೆಂದು ಮುಖ ಸಿಂಡರಿಸುವ ಮೊದಲು ಬಾಬಾ ಫರೀದ್(ರ)ರ ಉಪ್ಪಿಲ್ಲದ ಇಫ್ತಾರನ್ನು ನೆನೆಯಲಿ.

ಸುಲ್ತಾನ್ ಫಿರೋಝ್ ಷಾಹ್ ವಿದ್ವಾಂಸ, ಹಲವು ಭಾಷೆಗಳನ್ನು ಬಲ್ಲ ರಾಜ. ಮೊದಮೊದಲು ಗೌರವ ತೋರಿದ. ಬರಬರುತ್ತ ಸಂಬಂಧ ಹದಗೆಟ್ಟಿತು. ಖ್ವಾಜಾರವರ ಪಾಂಡಿತ್ಯ ಅವನ ತಾತ್ವಿಕ ಅಳತೆಗೆ ಸಾಲಲಿಲ್ಲವೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಖಾನ್‌ಖಾಹ್ ಕೋಟೆಯ ಹತ್ತಿರವಿತ್ತು. ದಿನವೂ ಸೇರುವ ಜನಸಂದಣಿ ಅರಮನೆಯ ಕಣ್ಣು ಕುಕ್ಕಿತು. ಅಲ್ಲಿಂದ ಬೇರೆಡೆಗೆ ಹೋಗಬೇಕೆಂದು ಸೂಚನೆ ಬಂತು. ಅವರು ವಾದಿಸದೆ ಊರಿನ ಇನ್ನೊಂದು ಬದಿಗೆ ಹೋದರು. 1415ರಲ್ಲಿ ಸುಲ್ತಾನ ತನ್ನ ಮಗನನ್ನು ಉತ್ತರಾಧಿಕಾರಿ ಮಾಡಿ ಆಶೀರ್ವಾದ ಬಯಸಿದಾಗ ಮಾತ್ರ ಅವರು ಒಪ್ಪಲಿಲ್ಲ. ರಾಜನಾಗುವವನು ಸುಲ್ತಾನನ ತಮ್ಮ ಅಹ್ಮದನೆಂಬುದು ಅವರ ಮಾತಾಗಿತ್ತು. ಇದರಲ್ಲಿ ಬರೀ ರಾಜಕೀಯವನ್ನು ಕಾಣುವ ಇತಿಹಾಸಕಾರರಿದ್ದಾರೆ. ಅಹ್ಮದ್ ಅವರ ಭಕ್ತನಾಗಿದ್ದನೆಂಬುದೂ ನಿಜ. ಆದರೆ ತೊಂಬತ್ತು ದಾಟಿದ ಮುದುಕರೊಬ್ಬರು, ಆಳುವ ದೊರೆ ಬಯಸಿದ ಒಂದು ಮಾತನ್ನು ಹೇಳದೆ ನಾಲಗೆಯನ್ನು ತಡೆದರೆಂಬುದೂ ಅಷ್ಟೇ ನಿಜ. ಅರಮನೆಯ ಅನ್ನಕ್ಕೆ ಹೊಟ್ಟೆಯನ್ನು ಒಗ್ಗಿಸಿಕೊಂಡವರಿಗೆ ಅದು ಆಗುವ ಕೆಲಸವಲ್ಲ.

ಫಿರೋಝ್ ಷಾಹ್ ವಿಜಯನಗರದೊಂದಿಗೆ ಪಾನಗಲ್ಲಿನಲ್ಲಿ ನಡೆದ ಯುದ್ಧದಲ್ಲಿ ಸೋತು, ದೇಹವೂ ಕುಗ್ಗಿ ಬಂದ. ಹಿಜರಿ 825, ಅಂದರೆ 1422ರಲ್ಲಿ ಅಣ್ಣ ತಮ್ಮಂದಿರ ವೈರ ಕೊನೆಯ ಹಂತ ಮುಟ್ಟಿತು. ಖ್ವಾಜಾರವರ ಕೊನೆಯ ರಮಝಾನ್ ಆ ವರ್ಷದ್ದೇ; ಚಾಂದ್ರಮಾನದ ಲೆಕ್ಕದಲ್ಲಿ ಅವರಿಗೆ ನೂರನಾಲ್ಕು ವರ್ಷ. ಈದ್ ಕಳೆದು ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಸೈನ್ಯ ಅಹ್ಮದನ ಕಡೆ ವಾಲಿ, ಫಿರೋಝ್ ಸಿಂಹಾಸನವನ್ನು ತಮ್ಮನಿಗೆ ಬಿಟ್ಟುಕೊಟ್ಟ. ಹೆಚ್ಚು ದಿನ ಬದುಕಲೂ ಇಲ್ಲ. ಹೊಸ ಸುಲ್ತಾನ ತಮ್ಮ ಭಕ್ತನೇ ಆದರೂ ಆ ದರ್ಬಾರಿನ ಸುಖವನ್ನು ನೋಡಲು ಖ್ವಾಜಾರವರು ಉಳಿಯಲಿಲ್ಲ. ಝುಲ್‌ಕಅದ 16ರಂದು, 1422ರ ನವೆಂಬರ್ 1ರಂದು ಅವರು ಕೊನೆಯುಸಿರೆಳೆದರು. ಹಿರಿಯ ಮಗ ಅವರಿಗಿಂತ ಮೊದಲೇ ತೀರಿಕೊಂಡಿದ್ದರಿಂದ ಕಿರಿಯ ಮಗ ಸಯ್ಯಿದ್ ಅಸ್ಗರ್ ಹುಸೈನಿಯವರು ಅವರ ಸ್ಥಾನಕ್ಕೆ ಬಂದರು. ಅಹ್ಮದ್ ಷಾಹ್ ಸಮಾಧಿಯ ಮೇಲೆ ಎತ್ತರದ ಗುಮ್ಮಟ ಕಟ್ಟಿಸಿದ. ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದ. ಕಲಬುರಗಿಯ ಕೋಟೆಯಲ್ಲಿ ಅರಮನೆಯ ಗದ್ದಲ ನಿಂತಿತು. ಕೋಟೆಯಿಂದ ಸರಿದು ಖ್ವಾಜಾರವರು ಹೋಗಿ ಕುಳಿತಿದ್ದ ಊರಿನ ಆ ಬದಿಗೆ ಜನ ಬರುವುದು ಮಾತ್ರ ನಿಲ್ಲಲಿಲ್ಲ.